ಮೀಸಲು ಹುಡುಗರು

'ಮೀಸಲು' ಎಂಬ ಮಾತು ನಮ್ಮ ಹೆಂಗಸರಿಗೆ ಹೊಸದಲ್ಲ. ದೇವರ ಹೆಸರಿನಲ್ಲಿ ಯಾರೂ ಮುಟ್ಟದ ಹಾಗೆ ತೆಗೆದಿಡುವುದು ಮೀಸಲು. ಹಬ್ಬದ ದಿನ ಎಲ್ಲರಿಗಿಂತ ಮೊದಲು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟ ಅನ್ನ ಮೀಸಲು. ಅಟ್ಟದ ಮೇಲಿನ ದೊಡ್ಡ ಹಂಡೆ, ಡಬ್ಬಿಯ ತಳದಲ್ಲಿ ಉಳಿಸಿದ ಎರಡು ಸೇರು ಅಕ್ಕಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹೊಸ ಜಮಖಾನ, ಇವೂ ಒಂದು ರೀತಿಯಲ್ಲಿ ಮೀಸಲೇ. ದಿನನಿತ್ಯ ಅವುಗಳ ನೆನಪು ಯಾರಿಗೂ ಆಗುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಎಂಟು ಜನ ನೆಂಟರು ಬಾಗಿಲು ತಟ್ಟಿದಾಗ ಮನೆಯ ಮಾನ ಕಾಯುವುದು ಅವೇ. ಇಂಥದೇ ಒಂದು ಏರ್ಪಾಡು ಆಟದ ಲೋಕದಲ್ಲೂ ಇದೆ. ಅದನ್ನು ಮೀಸಲು ತಂಡ ಎನ್ನುತ್ತಾರೆ. ಒಂದು ಊರಿನ ಮಾನವನ್ನು ಅಂಥ ಒಂದು ಮೀಸಲು ತಂಡ ಕಾಪಾಡಿದ ಇತಿಹಾಸವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಊರು ಇಂಗ್ಲೆಂಡಿನ ಮ್ಯಾಂಚೆಸ್ಟರ್. ಈ ಹೆಸರು ಕೇಳಿದ ಕೂಡಲೇ ನನ್ನಂಥ ಸಮಾಜ ವಿಜ್ಞಾನದ ಮೇಷ್ಟರಿಗೆ ಹತ್ತಿಗಿರಣಿಗಳು ಕಣ್ಣ ಮುಂದೆ ಬರುತ್ತವೆ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದದ್ದು ಅದರಿಂದಲೇ. ಈಗಿನ ಹುಡುಗರಿಗಾದರೋ ಮ್ಯಾಂಚೆಸ್ಟರ್ ಎಂದರೆ ಫುಟ್‌ಬಾಲ್. ನಮ್ಮ ಮನೆಯ ಹುಡುಗರು ನಡುರಾತ್ರಿಯವರೆಗೆ ಟಿ.ವಿ. ಮುಂದೆ ಕುಳಿತು 'ಯುನೈಟೆಡ್, ಯುನೈಟೆಡ್' ಎಂದು ಕೂಗುವುದನ್ನು ಕೇಳಿ, ಏನಿದು ಎಂದು ತಿಳಿಯಲು ಹೊರಟವಳು ನಾನು. ಆಟದ ನಿಯಮಗಳು ನನಗೆ ಇವತ್ತಿಗೂ ಅರ್ಧಂಬರ್ಧವೇ. ಇತಿಹಾಸ ಮಾತ್ರ ಹಿಡಿದು ಕೂರಿಸಿತು. ರೈಲ್ವೆ ಕಾರ್ಮಿಕರು 1878ರಲ್ಲಿ ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಕಟ್ಟಿಕೊಂಡ ಈ ತಂಡ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ಅದರ ಮೈದಾನದ ಹೆಸರು ಓಲ್ಡ್ ಟ್ರಾಫರ್ಡ್.

ಇಂಗ್ಲೆಂಡಿನ ವೃತ್ತಿಪರ ತಂಡಗಳು ಎರಡೆರಡು ತಂಡ ಸಾಕುತ್ತಿದ್ದವು. ಮೊದಲ ತಂಡದ ಹನ್ನೊಂದು ಜನ ಶನಿವಾರ ಮಧ್ಯಾಹ್ನ ಸಾವಿರಾರು ಜನರೆದುರು ಆಡುವರು. ಎರಡನೆಯದು ಮೀಸಲು ತಂಡ. ಅದಕ್ಕೂ ಪಂದ್ಯಗಳಿದ್ದವು, ಅಂಕಪಟ್ಟಿ ಇತ್ತು. ಉತ್ತರದ ಮತ್ತು ನಡುನಾಡಿನ ತಂಡಗಳ ಮೀಸಲು ಆಟಗಾರರಿಗಾಗಿಯೇ 1911ರಲ್ಲಿ ಸೆಂಟ್ರಲ್ ಲೀಗ್ ಎಂಬ ಪಂದ್ಯಾವಳಿ ಹುಟ್ಟಿತು. ಆಗ ಆಟದ ನಡುವೆ ಒಬ್ಬನನ್ನು ಕರೆದು ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ಇಂಗ್ಲಿಷ್ ಲೀಗಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1965ರಲ್ಲಿ. ಅಲ್ಲಿಯವರೆಗೆ ಒಬ್ಬನ ಕಾಲು ಮುರಿದರೆ ಉಳಿದ ಹತ್ತು ಜನರೇ ಆಡಿ ಮುಗಿಸಬೇಕಿತ್ತು. ಮುಂದಿನ ವಾರಕ್ಕೆ ಮಾತ್ರ ಮೀಸಲು ತಂಡದಿಂದ ಯಾರಾದರೂ ಬರುತ್ತಿದ್ದರು.

ಮೀಸಲು ತಂಡವೆಂದರೆ ಒಂದು ಮೆಟ್ಟಿಲ ಸಾಲು ಎನ್ನಬಹುದು. ಹದಿನೇಳು ಹದಿನೆಂಟರ ಹುಡುಗರು ಹತ್ತುತ್ತಿರುತ್ತಾರೆ, ಮೂವತ್ತು ದಾಟಿದವರು ಇಳಿಯುತ್ತಿರುತ್ತಾರೆ, ಗಾಯ ಮಾಗುತ್ತಿರುವವರು ನಡುವೆ ನಿಂತಿರುತ್ತಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಾರೆ. ಮೇಲೆ ಹೋಗುವ ದಾರಿ ಒಂದೇ. ಮೊದಲ ತಂಡದ ಯಾವನೋ ಒಬ್ಬ ಬೀಳಬೇಕು. ಅವನು ನಿನ್ನೆ ನಿನ್ನೊಡನೆ ನಗುತ್ತಾ ಚಹಾ ಕುಡಿದ ಗೆಳೆಯನೇ ಆಗಿರಬಹುದು. ಅವನು ಬೀಳಲಿ ಎಂದು ಯಾರೂ ಬಯಸುವುದಿಲ್ಲ. ಆದರೂ ಅವನು ಕುಂಟುವುದನ್ನು ಕಂಡಾಗ ಎದೆಯಲ್ಲಿ ಒಂದು ಸಣ್ಣ ಆಸೆ ಅಲುಗದೆ ಇರುವುದಿಲ್ಲ. ಇದು ಮನುಷ್ಯ ಸ್ವಭಾವ.

1950ರ ದಶಕದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಆಗಿದ್ದವರು ಮ್ಯಾಟ್ ಬಸ್ಬಿ. ಅವರ ಬಲಗೈ ಜಿಮ್ಮಿ ಮರ್ಫಿ, ವೇಲ್ಸ್ ನಾಡಿನ ಗಣಿ ಕಣಿವೆಯಿಂದ ಬಂದವರು. ಯುದ್ಧದ ಕೊನೆಯಲ್ಲಿ ಇಟಲಿಯ ಬಾರಿ ಎಂಬಲ್ಲಿ ಮರ್ಫಿ ಸೈನಿಕರಿಗೆ ಆಟ ಹೇಳಿಕೊಡುವುದನ್ನು ಕಂಡ ಬಸ್ಬಿ, ಈ ಮನುಷ್ಯ ನನಗೆ ಬೇಕು ಎಂದು ಅಲ್ಲೇ ನಿಶ್ಚಯಿಸಿದರಂತೆ. 1946ರಿಂದ ಮೀಸಲು ತಂಡವನ್ನು ತಿದ್ದುವ ಕೆಲಸ ಮರ್ಫಿಯವರದಾಯಿತು. ಬಸ್ಬಿ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು. ಮರ್ಫಿ ಮಾತ್ರ ಕೆಸರಿನಲ್ಲಿ ನಿಂತು, ಎಡಗಾಲಿನಲ್ಲಿ ಚೆಂಡು ಒದೆಯಲು ಬಾರದ ಹುಡುಗನಿಗೆ ಅದನ್ನೇ ನೂರು ಸಲ ಮಾಡಿಸುತ್ತಿದ್ದರು. ನಮ್ಮಲ್ಲಿ ಒಂದನೇ ತರಗತಿಗೆ ಅಕ್ಷರ ತಿದ್ದಿಸುವ ಟೀಚರ ಹೆಸರು ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಯಾರಿಗೆ ನೆನಪಿರುತ್ತದೆ ಹೇಳಿ?

ಈ ಹುಡುಗರಲ್ಲಿ ಹಲವರು ಗಣಿ ಕಾರ್ಮಿಕರ, ಗಿರಣಿ ಕಾರ್ಮಿಕರ ಮಕ್ಕಳು. ಊರು ಬಿಟ್ಟು ಬಂದವರಿಗೆ ಮೈದಾನದ ಆಸುಪಾಸಿನ ಗೃಹಿಣಿಯರು ತಮ್ಮ ಮನೆಗಳಲ್ಲೇ ಊಟ, ವಸತಿ ಕೊಡುತ್ತಿದ್ದರು. ಆಗ ಆಟಗಾರರ ಸಂಬಳಕ್ಕೆ ಮಿತಿ ಇತ್ತು. 1961ರಲ್ಲಿ ಆ ಮಿತಿಯನ್ನು ತೆಗೆದುಹಾಕುವ ಹೊತ್ತಿಗೆ ಎಂಥ ದೊಡ್ಡ ಆಟಗಾರನಿಗೂ ವಾರಕ್ಕೆ 20 ಪೌಂಡ್ ಮೀರುವಂತಿರಲಿಲ್ಲ. 1953ರಿಂದ 1957ರವರೆಗೆ ಸತತ ಐದು ವರ್ಷ ಕಿರಿಯರ ಎಫ್.ಎ. ಯೂತ್ ಕಪ್ ಈ ಹುಡುಗರ ಪಾಲಾಯಿತು. 1955-56ರಲ್ಲಿ ಮೊದಲ ತಂಡ ಲೀಗ್ ಗೆದ್ದಾಗ ಮೀಸಲು ತಂಡವೂ ಸೆಂಟ್ರಲ್ ಲೀಗ್ ಗೆದ್ದಿತು. ಮನೆಯ ಮುಂಬಾಗಿಲೂ ಹಿತ್ತಿಲೂ ಒಟ್ಟಿಗೆ ಹಸಿರಾಗಿದ್ದ ಕಾಲ ಅದು.

1958ರ ಫೆಬ್ರುವರಿ ಬಂತು. ಯುರೋಪಿಯನ್ ಕಪ್ ಪಂದ್ಯಕ್ಕಾಗಿ ತಂಡ ಯುಗೋಸ್ಲಾವಿಯಾದ ಬೆಲ್‌ಗ್ರೇಡ್‌ಗೆ ಹೊರಟಿತು. ನಾಯಕ ರೋಜರ್ ಬರ್ನ್ ಹಿಂದಿನ ಪಂದ್ಯದಲ್ಲಿ ಪೆಟ್ಟು ಮಾಡಿಕೊಂಡಿದ್ದ. ಆಡಲಾಗದಿದ್ದರೆ ಇರಲಿ ಎಂದು ಅವನದೇ ಜಾಗದಲ್ಲಿ ಆಡುತ್ತಿದ್ದ ಜೆಫ್ ಬೆಂಟ್ ಎಂಬವನನ್ನು ಜೊತೆಗೆ ಕರೆದೊಯ್ದರು. ಬೆಂಟ್ ಒಳ್ಳೆಯ ಆಟಗಾರ. ಆದರೆ ಬರ್ನ್‌ನಂಥ ನಾಯಕ ಮುಂದಿರುವಾಗ ಅವನಿಗೆ ಅವಕಾಶವೆಲ್ಲಿ? ಅಷ್ಟು ವರ್ಷಗಳಲ್ಲಿ ಮೊದಲ ತಂಡಕ್ಕೆ ಅವನು ಆಡಿದ್ದು 12 ಪಂದ್ಯ ಮಾತ್ರ. ಮನೆಯಲ್ಲಿ ಹೆಂಡತಿ, ಹಸುಗೂಸು. ಜಿಮ್ಮಿ ಮರ್ಫಿ ಈ ಸಲ ಹೋಗಲಿಲ್ಲ. ಅವರು ವೇಲ್ಸ್ ರಾಷ್ಟ್ರೀಯ ತಂಡದ ಮ್ಯಾನೇಜರೂ ಆಗಿದ್ದುದರಿಂದ ಅದೇ ಫೆಬ್ರುವರಿ 5ರಂದು ಕಾರ್ಡಿಫ್‌ನಲ್ಲಿ ಇಸ್ರೇಲ್ ವಿರುದ್ಧದ ಪಂದ್ಯಕ್ಕೆ ನಿಲ್ಲಬೇಕಾಯಿತು. ವಿಮಾನದಲ್ಲಿ ಅವರ ಬದಲಿಗೆ ಇನ್ನೊಬ್ಬ ತರಬೇತುದಾರ ಬರ್ಟ್ ವಾಲಿ ಹೋದರು.

ಬೆಲ್‌ಗ್ರೇಡ್‌ನಲ್ಲಿ ಬರ್ನ್ ಚೇತರಿಸಿಕೊಂಡು ತಾನೇ ಆಡಿದ. ಬೆಂಟ್ ಹೊರಗೇ ಉಳಿದ. ಪಂದ್ಯ 3-3ರಲ್ಲಿ ಮುಗಿದು, ಹಿಂದಿನ ಪಂದ್ಯದ ಗೆಲುವಿನ ಬಲದಿಂದ ತಂಡ ಸೆಮಿಫೈನಲ್ ತಲುಪಿತು. ಮರುದಿನ, ಫೆಬ್ರುವರಿ 6ರಂದು, ಮರಳುವ ದಾರಿಯಲ್ಲಿ ಇಂಧನ ತುಂಬಿಸಲು ವಿಮಾನ ಜರ್ಮನಿಯ ಮ್ಯೂನಿಕ್‌ನಲ್ಲಿ ಇಳಿಯಿತು. ಹಿಮ ಬೀಳುತ್ತಿತ್ತು. ಎರಡು ಸಲ ಏರಲು ಹೊರಟು ನಿಂತ ವಿಮಾನ ಮೂರನೆಯ ಸಲ ಓಡುದಾರಿ ದಾಟಿ ಬೇಲಿ ಮುರಿದು ಒಂದು ಮನೆಗೆ ಅಪ್ಪಳಿಸಿತು. ಓಡುದಾರಿಯ ಮೇಲೆ ಕೆಸರಾಗಿ ನಿಂತಿದ್ದ ಕರಗಿದ ಹಿಮ ವಿಮಾನದ ವೇಗವನ್ನು ತಿಂದುಹಾಕಿತ್ತು. ಬದುಕುಳಿದ ಪೈಲಟ್‌ನ ಮೇಲೆ ಬಂದ ಆರೋಪ ಸಂಪೂರ್ಣ ತೊಡೆದುಹೋಗಲು 1969ರವರೆಗೆ ಕಾಯಬೇಕಾಯಿತು.

ವಿಮಾನದಲ್ಲಿದ್ದವರು 44 ಜನ. ಸತ್ತವರು 23. ಅವರಲ್ಲಿ ಎಂಟು ಮಂದಿ ಆಟಗಾರರು. ನಾಯಕ ಬರ್ನ್ ಹೋದ. ತಾನು ತಾಯಿಯಾಗಲಿರುವ ಸುದ್ದಿಯನ್ನು ಅವನಿಗೆ ಹೇಳಬೇಕೆಂದು ಹೆಂಡತಿ ಮನೆಯಲ್ಲಿ ಕಾದಿದ್ದಳು. ಅವನ ಬದಲಿಗೆಂದು ಹೋಗಿ, ಬದಲಿಯಾಗಿ ಆಡದೇ ಉಳಿದ ಬೆಂಟ್ ಕೂಡ ಹೋದ. ಮರ್ಫಿಯ ಬದಲಿಗೆ ಹೋದ ವಾಲಿಯೂ ಹೋದರು. ಈ ಭಾಗ ಓದುವಾಗಲೆಲ್ಲ ನಾನು ಪುಸ್ತಕ ಕೆಳಗಿಡುತ್ತೇನೆ. ಮೀಸಲಿನವನ ಹಣೆಬರಹ ಎಷ್ಟು ವಿಚಿತ್ರ ನೋಡಿ. ಆಡುವಾಗ ಅವನಿಗೆ ಜಾಗವಿಲ್ಲ, ಸಾಯುವಾಗ ಎಲ್ಲರ ಜೊತೆ ಸಮಪಾಲು.

ಆ ಹಿಮದ ನಡುವೆಯೂ ಒಂದು ಬೆಳಕಿದೆ. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ತಾನು ಹೊರಬಂದ ಮೇಲೆ ಮತ್ತೆ ಆ ಉರಿಯುವ ವಿಮಾನದೊಳಗೆ ನುಗ್ಗಿದ. ಯುಗೋಸ್ಲಾವಿಯಾದ ರಾಯಭಾರ ಅಧಿಕಾರಿಯೊಬ್ಬರ ಪತ್ನಿಯನ್ನೂ ಆಕೆಯ ಪುಟ್ಟ ಮಗಳನ್ನೂ ಎಳೆದು ತಂದ. ಆಕೆ ಆಗ ಗರ್ಭಿಣಿ. ಒಟ್ಟು ಮೂರು ಜೀವ ಉಳಿದವು.

ಮರ್ಫಿ ಕಾರ್ಡಿಫ್‌ನಲ್ಲಿ ಪಂದ್ಯ ಗೆದ್ದು, ರೈಲಿನಲ್ಲಿ ಮ್ಯಾಂಚೆಸ್ಟರಿಗೆ ಬಂದು, ಸಂತೋಷದಿಂದಲೇ ಓಲ್ಡ್ ಟ್ರಾಫರ್ಡ್‌ನ ಮೆಟ್ಟಿಲು ಹತ್ತಿದರು. ಎದುರು ಬಂದವರು ಬಸ್ಬಿಯವರ ಕಾರ್ಯದರ್ಶಿ ಆಲ್ಮಾ ಜಾರ್ಜ್. ವಿಮಾನ ಬಿದ್ದ ಸುದ್ದಿಯನ್ನು ಆಕೆ ಹೇಳಿದರೂ ಮರ್ಫಿಯ ತಲೆಗೆ ಅದು ಇಳಿಯಲಿಲ್ಲವಂತೆ. ಮತ್ತೆ ಹೇಳಬೇಕಾಯಿತು. ಕೊನೆಗೆ ಆಕೆಯ ಅಳು ನೋಡಿ ಅರ್ಥವಾಯಿತು. ಆಟಗಾರರ ಹೆಸರು ಎಲ್ಲ ಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿ ಸಿಗುತ್ತದೆ. ಅಷ್ಟು ದೊಡ್ಡ ಸುದ್ದಿಯನ್ನು ಬಾಯಿಬಿಟ್ಟು ಹೇಳುವ ಭಾರ ಹೊತ್ತ ಈ ಹೆಣ್ಣುಮಗಳನ್ನು ನಾವಾದರೂ ಒಂದು ಕ್ಷಣ ನೆನೆಯೋಣ.

ಮರ್ಫಿ ಮ್ಯೂನಿಕ್‌ಗೆ ಓಡಿದರು. ಆಮ್ಲಜನಕದ ಡೇರೆಯೊಳಗೆ ಮಲಗಿದ್ದ ಬಸ್ಬಿ, ಬಾವುಟ ಕೆಳಗಿಳಿಯದಂತೆ ನೋಡಿಕೊಳ್ಳಬೇಕೆಂದು ಕ್ಷೀಣ ದನಿಯಲ್ಲಿ ಕೇಳಿಕೊಂಡರು. ಮರಳಿ ಬಂದ ಮರ್ಫಿಯ ಮುಂದಿದ್ದ ಲೆಕ್ಕ ಹೀಗಿತ್ತು: ಎಂಟರಲ್ಲಿ ಏಳು ಆಟಗಾರರು ಆಗಲೇ ಸತ್ತಿದ್ದಾರೆ, ಎಂಟನೆಯವನಾದ ಡಂಕನ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಸಾವಿನೊಡನೆ ಹೋರಾಡುತ್ತಿದ್ದಾನೆ, ಇನ್ನಿಬ್ಬರು ಮತ್ತೆಂದೂ ಆಡುವಂತಿಲ್ಲ, ಉಳಿದವರು ಗಾಯಾಳುಗಳು. ಕೂಡಲೇ ಕಾಲ ಮೇಲೆ ನಿಂತವರು ಗ್ರೆಗ್ ಮತ್ತು ಬಿಲ್ ಫೋಕ್ಸ್ ಇಬ್ಬರೇ. ಮುಂದಿನ ಪಂದ್ಯ ಫೆಬ್ರುವರಿ 19ಕ್ಕೆ. ಅಪಘಾತವಾಗಿ ಹದಿಮೂರೇ ದಿನ.

ಆಗ ಅವರು ನೋಡಿದ್ದು ಹಿತ್ತಿಲ ಕಡೆಗೆ. ಹನ್ನೆರಡು ವರ್ಷ ತಾವೇ ತಿದ್ದಿ ಬೆಳೆಸಿದ ಮೀಸಲು ಹುಡುಗರ ಕಡೆಗೆ. ಊರಿನಲ್ಲಿದ್ದರೆ ದಿನಕ್ಕೊಂದು ಶವಯಾತ್ರೆ, ಬೀದಿಬೀದಿಯಲ್ಲಿ ಅಳು. ಹುಡುಗರ ಮನಸ್ಸು ನಿಲ್ಲುವುದಿಲ್ಲವೆಂದು ಮರ್ಫಿ ಅವರನ್ನು ಸಮುದ್ರತೀರದ ಬ್ಲ್ಯಾಕ್‌ಪೂಲ್‌ಗೆ ಕರೆದೊಯ್ದು ಇಟ್ಟುಕೊಂಡರು. ಹೊರಗಿನಿಂದ ಅರ್ನಿ ಟೇಲರ್ ಎಂಬ ಅನುಭವಿಯನ್ನು ಕೊಂಡರು. ಸ್ಟ್ಯಾನ್ ಕ್ರೌದರ್ ಎಂಬವನು ಸೇರಿದ್ದಂತೂ ಪಂದ್ಯ ಆರಂಭವಾಗುವುದಕ್ಕೆ ಸ್ವಲ್ಪ ಹೊತ್ತಿಗೆ ಮುಂಚೆ. ಉಳಿದ ಜಾಗಗಳಿಗೆಲ್ಲ ಮನೆಯ ಮಕ್ಕಳೇ.

ಆ ರಾತ್ರಿಯ ಕಾರ್ಯಕ್ರಮ ಪುಸ್ತಿಕೆಯನ್ನು ಇಂದಿಗೂ ಜನ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಎದುರಾಳಿ ಷೆಫೀಲ್ಡ್ ವೆಡ್ನೆಸ್‌ಡೇ ತಂಡದ ಹನ್ನೊಂದು ಹೆಸರು ಅಚ್ಚಾಗಿದೆ. ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ತಲೆಬರಹದ ಕೆಳಗೆ ಹನ್ನೊಂದು ಖಾಲಿ ಸಾಲು. ಯಾರು ಆಡುತ್ತಾರೆಂದು ಅಚ್ಚಿಗೆ ಹೋಗುವ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ಹೆಸರುಗಳನ್ನು ಪ್ರಕಟಿಸಿದಂತೆ ಜನ ತಮ್ಮ ಪೆನ್ನಿನಿಂದ ಬರೆದುಕೊಂಡರು. ಮೈದಾನದಲ್ಲಿ ಸೇರಿದವರು 59,848 ಮಂದಿ.

ಎಡ ಅಂಚಿನಲ್ಲಿ ಆಡಲು ಬಂದವನು ಶೇ ಬ್ರೆನನ್, ಇಪ್ಪತ್ತರ ಹುಡುಗ, ಮೊದಲ ತಂಡದಲ್ಲಿ ಅವನಿಗೆ ಅದೇ ಮೊದಲ ಪಂದ್ಯ. ಮೀಸಲು ತಂಡದಲ್ಲಿ ಅವನು ಹಿಂದೆ ನಿಂತು ತಡೆಯುವವನು. ಮುಂದೆ ಆಡುವವರು ಉಳಿದಿರಲಿಲ್ಲವಾದ್ದರಿಂದ ಅವನನ್ನು ಅಲ್ಲಿ ನಿಲ್ಲಿಸಿದರು. ಅವನು ಮೂಲೆಯಿಂದ ಒದ್ದ ಚೆಂಡು ನೇರವಾಗಿ ಗೋಲಿನೊಳಗೆ ಹೋಯಿತು. ಆಮೇಲೆ ಇನ್ನೊಂದನ್ನೂ ಅವನೇ ಹೊಡೆದ. ಮೂರನೆಯದನ್ನು ಹೊಡೆದವನು ಅಲೆಕ್ಸ್ ಡಾಸನ್. ಅವನಿಗೆ ಹದಿನೆಂಟು ತುಂಬಲು ಇನ್ನೂ ಎರಡು ದಿನವಿತ್ತು. ಪಂದ್ಯ 3-0. ಎರಡು ದಿನಗಳ ನಂತರ, ಡಾಸನ್‌ನ ಹುಟ್ಟುಹಬ್ಬದ ದಿನವೇ, ಆಸ್ಪತ್ರೆಯಲ್ಲಿದ್ದ ಡಂಕನ್ ಎಡ್ವರ್ಡ್ಸ್ ತೀರಿಕೊಂಡ. ಅವನಿಗೆ ಆಗ 21.

ನಾನು ಶಾಲೆಯ ಹುಡುಗಿಯರ ಖೋ-ಖೋ ತಂಡವನ್ನು ಹೋಬಳಿ, ತಾಲ್ಲೂಕು ಪಂದ್ಯಗಳಿಗೆ ಕರೆದೊಯ್ದವಳು. ಒಂಬತ್ತು ಜನ ಆಡುತ್ತಾರೆ, ಮೂವರು ಹೊರಗೆ. ಆ ಮೂವರನ್ನು ಮಕ್ಕಳು 'ಎಕ್ಸ್‌ಟ್ರಾ' ಎನ್ನುತ್ತಾರೆ. ಉಳಿದವರ ಚಪ್ಪಲಿ, ನೀರಿನ ಬಾಟಲಿ, ಕಿವಿಯೋಲೆ ಕಾಯುವುದು ಅವರ ಪಾಲಿನ ಕೆಲಸ. ಆಡುವವಳೊಬ್ಬಳು ಕಾಲು ಉಳುಕಿ ಕುಂಟುತ್ತಾ ಹೊರಬಂದಾಗ, ಒಳಗೆ ಹೋಗಬೇಕಾದ ಹುಡುಗಿಯ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಣ್ಣಲ್ಲಿ ಹೊಳಪು ಬರುತ್ತದೆ, ಕೂಡಲೇ ಅದನ್ನು ನೆಲಕ್ಕೆ ಇಳಿಸುತ್ತಾಳೆ. ಗೆಳತಿಯ ನೋವಿನ ಮುಂದೆ ತನ್ನ ಸಂತೋಷವನ್ನು ತೋರಿಸಬಾರದೆಂದು ಆ ವಯಸ್ಸಿಗೇ ಯಾರು ಕಲಿಸಿದರೋ! ಉಳುಕಿದ ಕಾಲಿಗೇ ಹೀಗಾದರೆ, ಸತ್ತ ಗೆಳೆಯನ ಜಾಗದಲ್ಲಿ ನಿಂತ ಆ ಹುಡುಗರ ಎದೆಯಲ್ಲಿ ಏನಿತ್ತು? ವರ್ಷಗಟ್ಟಲೆ ಬೇಡಿಕೊಂಡದ್ದು ಕೈಗೆ ಬಂದಿತ್ತು. ಬಂದ ರೀತಿ ಮಾತ್ರ ಯಾವ ವೈರಿಗೂ ಬೇಡ. ಅಂಗಿಯ ಮೇಲೆ ಅದೇ ಸಂಖ್ಯೆ, ಕೂಗುವ ಜನ ಅವರೇ, ಆದರೆ ಆ ಕೂಗಿನ ಅರ್ಧ ಸತ್ತವರಿಗೆ ಸಲ್ಲುವಂಥದು. ತಾನು ಗೋಲು ಹೊಡೆದೆ ಎಂದು ಮನಸಾರೆ ಕುಣಿಯುವ ಹಕ್ಕು ಕೂಡ ಆ ಇಪ್ಪತ್ತರ ಹುಡುಗನಿಗೆ ಪೂರ್ತಿ ಸಿಗಲಿಲ್ಲ.

ಇನ್ನೊಂದು ಸಂಗತಿ ನಮ್ಮಂಥ ಸಂಸಾರಸ್ಥರಿಗೆ ಬೇಗ ಹೊಳೆಯುತ್ತದೆ. ಉಗ್ರಾಣದ ಅಕ್ಕಿಯನ್ನು ಒಲೆಗೆ ಏರಿಸಿದರೆ ಉಗ್ರಾಣ ಬರಿದಾಗುತ್ತದೆ. ಮೀಸಲು ಹುಡುಗರೆಲ್ಲ ಮೊದಲ ತಂಡಕ್ಕೆ ಹೋದ ಮೇಲೆ ಮೀಸಲು ತಂಡಕ್ಕೆ ಯಾರು? ಆಗ ನೆರವಿಗೆ ಬಂದದ್ದು ಡರಮ್ ಪ್ರಾಂತ್ಯದ ಬಿಷಪ್ ಆಕ್‌ಲೆಂಡ್ ಎಂಬ ಪುಟ್ಟ ಊರಿನ ತಂಡ. ಅವರು ಸಂಬಳವಿಲ್ಲದೆ ಆಡುವ ಹವ್ಯಾಸಿಗಳು. 1955, 56, 57ರಲ್ಲಿ ಸತತವಾಗಿ ಹವ್ಯಾಸಿಗಳ ಎಫ್.ಎ. ಕಪ್ ಗೆದ್ದವರು. ಅಲ್ಲಿಂದ ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರನ್ ಬ್ರ್ಯಾಡ್ಲಿ ಎಂಬ ಮೂವರು ಬಂದು ಮೀಸಲು ತಂಡದಲ್ಲಿ ನಿಂತರು. ಹಾರ್ಡಿಸ್ಟಿ 1948ರ ಒಲಿಂಪಿಕ್ಸ್‌ನಲ್ಲಿ ಬಸ್ಬಿಯವರ ಕೈಕೆಳಗೆ ಬ್ರಿಟನ್ನಿಗಾಗಿ ಆಡಿದವರು. ಈಗ 37ರ ವಯಸ್ಸಿನಲ್ಲಿ ಹಳೆಯ ಗುರುವಿನ ಕಷ್ಟಕ್ಕೆ ಓಡಿಬಂದರು. ಬ್ರ್ಯಾಡ್ಲಿ ನನ್ನ ವೃತ್ತಿಬಾಂಧವ, ಶಾಲಾ ಶಿಕ್ಷಕ. ಮೀಸಲಿಗೂ ಮೀಸಲಾಗಿ ಬಂದ ಈ ಮೇಷ್ಟರು ಮುಂದೆ ಮೊದಲ ತಂಡಕ್ಕೆ ಏರಿ, 1959ರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೂ ಮೂರು ಪಂದ್ಯ ಆಡಿದರು. ಪಾಠ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಇದು ಬರೀ ಗೆಲುವಿನ ಕಥೆ ಎಂದುಕೊಳ್ಳಬೇಡಿ. ಎಫ್.ಎ. ಕಪ್ ಸೆಮಿಫೈನಲ್‌ನ ಮರುಪಂದ್ಯದಲ್ಲಿ ಡಾಸನ್ ಮೂರು ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದದ್ದು ನಿಜ. ಆದರೆ ಮೇ 3ರ ಫೈನಲ್‌ನಲ್ಲಿ ಬೋಲ್ಟನ್ ಎದುರು 0-2ರಿಂದ ಸೋತರು. ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಮಿಲಾನ್ ತಂಡವನ್ನು ತಮ್ಮೂರಿನಲ್ಲಿ 2-1ರಿಂದ ಸೋಲಿಸಿ, ಅವರೂರಿನಲ್ಲಿ 0-4ರಿಂದ ಸೋತರು. ಲೀಗಿನಲ್ಲಿ ಉಳಿದಿದ್ದ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಭಾವೋದ್ವೇಗ ಒಂದು ರಾತ್ರಿ ಎತ್ತಿ ನಿಲ್ಲಿಸುತ್ತದೆ. ಮರುದಿನದ ಬೆಳಗು, ಅದರ ಮರುದಿನದ ಬೆಳಗು, ಅವಕ್ಕೆಲ್ಲ ಬೇರೆಯೇ ಶಕ್ತಿ ಬೇಕು. ಮನೆಯಲ್ಲಿ ಸಾವು ಕಂಡವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಬಸ್ಬಿ ಗುಣಮುಖರಾಗಿ ಬಂದರು, ತಂಡವನ್ನು ಮತ್ತೆ ಕಟ್ಟತೊಡಗಿದರು. ದೊಡ್ಡ ಬೆಲೆ ತೆತ್ತು ಹೊಸ ಆಟಗಾರರನ್ನು ತಂದರು. ಕಷ್ಟಕಾಲಕ್ಕೆ ಆದ ಹುಡುಗರು ಒಬ್ಬೊಬ್ಬರಾಗಿ ಬೇರೆ ಊರುಗಳ ತಂಡಗಳಿಗೆ ಹೋದರು. 1963 ಮುಗಿಯುವ ಹೊತ್ತಿಗೆ ಆ ರಾತ್ರಿಯ ಹನ್ನೊಂದು ಜನರಲ್ಲಿ ಉಳಿದಿದ್ದವರು ಗ್ರೆಗ್, ಫೋಕ್ಸ್ ಮತ್ತು ಬ್ರೆನನ್ ಮಾತ್ರ. ಡಾಸನ್ 1964ರಲ್ಲಿ ಪ್ರೆಸ್ಟನ್ ತಂಡದ ಪರವಾಗಿ ಇನ್ನೊಂದು ಎಫ್.ಎ. ಕಪ್ ಫೈನಲ್ ಆಡಿದ, ಗೋಲನ್ನೂ ಹೊಡೆದ, ಮತ್ತೆ ಸೋತ. ನೆಂಟರು ಹೋದ ಮೇಲೆ ಹಂಡೆ ತೊಳೆದು ಮತ್ತೆ ಅಟ್ಟಕ್ಕೇ ಏರಿಸುತ್ತೇವಲ್ಲ, ಹಾಗೆ. ಇದು ಅನ್ಯಾಯವೇ? ಆಟದ ಲೆಕ್ಕದಲ್ಲಿ ಅಲ್ಲವಿರಬಹುದು. ತಂಡ ನಡೆಸುವವರು ಗೆಲ್ಲಲೇಬೇಕು. ಆದರೂ ನನ್ನ ಮನಸ್ಸು ಆ ಲೆಕ್ಕವನ್ನು ಪೂರ್ತಿ ಒಪ್ಪುವುದಿಲ್ಲ.

1968ರ ಮೇ 29ರಂದು ಲಂಡನ್ನಿನ ವೆಂಬ್ಲಿಯಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ತಂಡವನ್ನು 4-1ರಿಂದ ಸೋಲಿಸಿ ಮ್ಯಾಂಚೆಸ್ಟರ್ ಯುನೈಟೆಡ್ ಯುರೋಪಿಯನ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಇಂಗ್ಲಿಷ್ ತಂಡ ಅದು. ಮ್ಯೂನಿಕ್‌ನಿಂದ ಬದುಕಿ ಬಂದಿದ್ದ ಬಾಬಿ ಚಾರ್ಲ್‌ಟನ್ ಮತ್ತು ಫೋಕ್ಸ್ ಅಂದು ಆಡಿದರೆಂದು ಎಲ್ಲರೂ ಬರೆಯುತ್ತಾರೆ. ಅವರ ಜೊತೆ ಬಲಗಡೆ ಹಿಂದೆ ನಿಂತಿದ್ದವನು ಬ್ರೆನನ್. ಹತ್ತು ವರ್ಷದ ಹಿಂದೆ ತನ್ನದಲ್ಲದ ಜಾಗದಲ್ಲಿ ನಿಂತು ಎರಡು ಗೋಲು ಹೊಡೆದವನು ಈಗ ತನ್ನದೇ ಜಾಗದಲ್ಲಿದ್ದ. ಪದಕ ಕೊರಳಿಗೆ ಬಂದಾಗ ಅದು ಯಾರ ಬದಲಿಗೂ ಬಂದದ್ದಾಗಿರಲಿಲ್ಲ.

ಈಗ ಇಂಗ್ಲೆಂಡಿನ ದೊಡ್ಡ ತಂಡಗಳಲ್ಲಿ 'ಮೀಸಲು ತಂಡ' ಎಂಬ ಹೆಸರೂ ಇಲ್ಲ. 2012ರಿಂದ ಅದರ ಜಾಗದಲ್ಲಿ ಇಪ್ಪತ್ತೊಂದರೊಳಗಿನವರ ಲೀಗ್ ಬಂದಿದೆ. ಬದಲಿ ಆಟಗಾರರು ಮೈದಾನದ ಪಕ್ಕದಲ್ಲೇ ಸಾಲಾಗಿ ಕುಳಿತಿರುತ್ತಾರೆ, ಟಿ.ವಿ.ಯಲ್ಲಿ ಅವರ ಮುಖವೂ ಕಾಣುತ್ತದೆ. ಜಿಮ್ಮಿ ಮರ್ಫಿ 1989ರಲ್ಲಿ ತೀರಿಕೊಂಡರು. ಬಸ್ಬಿಯವರ ಪ್ರತಿಮೆ ಓಲ್ಡ್ ಟ್ರಾಫರ್ಡ್‌ನ ಮುಂದೆ ಎಷ್ಟೋ ವರ್ಷಗಳಿಂದ ಇದೆ. ಹುಡುಗರನ್ನು ತಿದ್ದಿದ ಮರ್ಫಿಯ ಪ್ರತಿಮೆ ಅಲ್ಲಿ ನಿಂತದ್ದು 2023ರಲ್ಲಿ. ತಡವಾಯಿತು, ಆದರೂ ಆಯಿತಲ್ಲ ಎಂದು ಸಮಾಧಾನಪಡಬೇಕು.

ನನ್ನ ಖೋ-ಖೋ ಹುಡುಗಿಯರಿಗೆ ಈ ಕಥೆಯನ್ನು ಹೇಳಿದ್ದೇನೆ. ಪಂದ್ಯಕ್ಕೆ ಹೊರಡುವಾಗ ಹೆಸರು ಬರೆಯುವ ಹಾಳೆಯಲ್ಲಿ ಹನ್ನೆರಡು ಹೆಸರನ್ನೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರೆಯುತ್ತೇನೆ. ಕಡೆಯ ಮೂವರ ಕೆಳಗೆ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ಯಾವ ಹೆಸರು ಯಾವಾಗ ಬೇಕಾಗುತ್ತದೆಂದು ಯಾರು ಬಲ್ಲರು?